ಪಟ್ಟಿ ಬರೆಯೋರು ಯಾರು?

(ಹಾಸ್ಟೆಲ್ ಗೆಳೆಯರ ಅಧ್ಯಯನ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)

ಗೆಳೆಯರೇ,

ಹೋದ ಸಲ ಇದೇ ಊಟದ ಹಾಲಿನಲ್ಲಿ ಕೂತಾಗ ಒಂದು ಸಲಹೆ ಬಂತು. ಸಂಘಟನೆಗೆ ಮುಂದಾಳನ್ನ ಆರಿಸೋಕೆ ಎಲ್ಲರೂ ಓಟು ಹಾಕೋದು ಬೇಡ, ಗದ್ದಲ ಆಗುತ್ತೆ. ವಿದ್ಯಾರ್ಥಿಗಳಿಂದ ಹತ್ತು ಜನ, ನೌಕರರಿಂದ ಹತ್ತು, ಸಾಹಿತಿಗಳಿಂದ ಹತ್ತು, ಕೂಲಿಕಾರರಿಂದ ಹತ್ತು, ಮಹಿಳೆಯರಿಂದ ಹತ್ತು. ಈ ಐವತ್ತು ಜನ ಕೂತು ಒಬ್ಬರನ್ನ ಆರಿಸಲಿ ಅಂತ. ಕೇಳೋಕೆ ಚೆಂದವಾಗಿತ್ತು. ನಾವೂ ಚಪ್ಪಾಳೆ ತಟ್ಟಿದೆವು. ಆಮೇಲೆ ರೂಮಿಗೆ ಹೋಗಿ ಮಲಗಿದಾಗ ಒಂದು ಪ್ರಶ್ನೆ ನಿದ್ದೆ ಕೆಡಿಸಿತು. ಈ ಐದು ಹೆಸರಿನ ಪಟ್ಟಿ ಬರೆದೋರು ಯಾರು?

ಹೀಗೆ ವಲಯಗಳ ಪ್ರತಿನಿಧಿಗಳ ಸಮಿತಿ ಮಾಡಿ ಆಳುವವನನ್ನ ಆರಿಸೋ ಊರು ಈ ಲೋಕದಲ್ಲಿ ಇದೆಯಾ ಅಂತ ಹುಡುಕಿದೆವು. ಇದೆ. ಅದು ಹಾಂಗ್‌ಕಾಂಗ್. 70 ಲಕ್ಷಕ್ಕೂ ಹೆಚ್ಚು ಜನ ಇರೋ ಊರು. ಬ್ರಿಟಿಷರು ಅದನ್ನ 1997ರ ಜುಲೈ 1ರಂದು ಚೀನಾಕ್ಕೆ ಒಪ್ಪಿಸಿದರು. ಬ್ರಿಟಿಷರ ಕಾಲದಲ್ಲಿ ಗವರ್ನರು ಲಂಡನ್ನಿನಿಂದ ಬರ್ತಿದ್ದ, ಜನರನ್ನ ಯಾರೂ ಕೇಳ್ತಿರಲಿಲ್ಲ. ಈಗ ಸರ್ಕಾರದ ಮುಖ್ಯಸ್ಥನನ್ನ ಚೀಫ್ ಎಕ್ಸಿಕ್ಯುಟಿವ್ ಅಂತಾರೆ. ಅವನನ್ನ ಒಂದು ಸಮಿತಿ ಆರಿಸುತ್ತದೆ. ಮೊದಲನೆಯವನನ್ನ 1996ರಲ್ಲಿ 400 ಜನರ ಸಮಿತಿ ಆರಿಸಿತು. ಆಮೇಲೆ ಸಮಿತಿ 800 ಆಯಿತು, ಆಮೇಲೆ 1200 ಆಯಿತು, 2021ರಲ್ಲಿ 1500 ಆಯಿತು. ಬೆಳೀತಾ ಇದೆ ಅಂತ ಖುಷಿಪಡಬೇಡಿ. ಒಳಗೆ ಹೊಕ್ಕು ನೋಡೋಣ.

1200 ಜನ ಇದ್ದಾಗ ನಾಲ್ಕು ವಲಯಗಳು, ಒಂದೊಂದಕ್ಕೆ 300. ವ್ಯಾಪಾರ ಮತ್ತು ಹಣಕಾಸಿನವರದು ಒಂದು. ವಕೀಲರು, ವೈದ್ಯರು, ಎಂಜಿನಿಯರು, ಮೇಷ್ಟರುಗಳದು ಒಂದು. ಕಾರ್ಮಿಕರು, ಸಮಾಜಸೇವೆಯವರು, ಧರ್ಮದವರು, ಬೇಸಾಯದವರದು ಒಂದು. ರಾಜಕೀಯದವರದು ಒಂದು. ಎಷ್ಟು ಸಮಾನ ಅಲ್ಲವಾ? ಆದರೆ 2016ರಲ್ಲಿ ಆ ಸಮಿತಿಗೆ ಚುನಾವಣೆ ಆದಾಗ ಶಿಕ್ಷಣದ ಉಪವಲಯದಲ್ಲಿ 80,000ದಷ್ಟು ಮತದಾರರು ಇದ್ದರು. ಅವರಿಗೆ ಸಿಕ್ಕಿದ್ದು 30 ಸ್ಥಾನ. ಬೇಸಾಯ ಮತ್ತು ಮೀನುಗಾರಿಕೆಗೆ 150ರಷ್ಟು ಮತದಾರರು. ಅವರಿಗೆ 60 ಸ್ಥಾನ! ಆ 150 ಮತದಾರರಾದರೂ ಬಲೆ ಹಿಡಿದ ಬೆಸ್ತರಲ್ಲ, ಸಂಘಸಂಸ್ಥೆಗಳು. ಮೀನು ಹಿಡಿಯೋನ ಹೆಸರು ಪಟ್ಟಿಯಲ್ಲಿದೆ, ಮೀನು ಹಿಡಿಯೋನು ಇಲ್ಲ.

ಇನ್ನೂ ಒಂದು ನೋಡಿ. ಆ ಊರಿನ ಮನೆಗಳಲ್ಲಿ ಮಕ್ಕಳನ್ನ ಸಾಕಿ, ಮುದುಕರ ಮೈ ತೊಳೆದು, ಅಡಿಗೆ ಬೇಯಿಸೋ ಹೆಂಗಸರು 3 ಲಕ್ಷಕ್ಕೂ ಹೆಚ್ಚು. ಬಹಳ ಜನ ಫಿಲಿಪ್ಪೀನ್ಸ್‌ನಿಂದ, ಇಂಡೋನೇಷ್ಯಾದಿಂದ ಬಂದೋರು. ಎಷ್ಟು ವರ್ಷ ದುಡಿದರೂ ಅವರಿಗೆ ಕಾಯಂ ವಾಸದ ಹಕ್ಕಿಲ್ಲ ಅಂತ 2013ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವೇ ಹೇಳಿಬಿಟ್ಟಿತು. ಕಾಯಂ ವಾಸಿ ಅಲ್ಲದೋರಿಗೆ ಓಟಿಲ್ಲ. ಅಷ್ಟೊಂದು ವಲಯ ಬರೆದ ಕೈಗೆ ತನ್ನ ಮನೆಯ ಒಲೆ ಮುಂದೆ ನಿಂತೋಳು ಕಾಣಲಿಲ್ಲ. ಈ ಮಾತು ನಮಗೆ ಹೊಸದಾ, ಗೆಳೆಯರೇ?

ಆ ಊರಿನ ಹುಡುಗರು ಸುಮ್ಮನೆ ಕೂರಲಿಲ್ಲ. ಮುಖ್ಯಸ್ಥನನ್ನ ಕೊನೆಗೆ ಎಲ್ಲರ ಮತದಿಂದ ಆರಿಸುವುದೇ ಗುರಿ ಅಂತ ಅಲ್ಲಿನ ಮೂಲ ಕಾನೂನಿನ 45ನೇ ಕಲಮು ಹೇಳುತ್ತದೆ. 2014ರ ಆಗಸ್ಟ್ 31ರಂದು ಬೀಜಿಂಗ್ ಹೇಳಿತು: ಆಗಲಿ, ಎಲ್ಲರೂ ಓಟು ಹಾಕಿ. ಆದರೆ ಅಭ್ಯರ್ಥಿಗಳು ಇಬ್ಬರೋ ಮೂವರೋ ಮಾತ್ರ. ಹಳೇ ಸಮಿತಿಯ ಹಾಗೇ ಇರೋ ಇನ್ನೊಂದು ಸಮಿತಿಯ ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದೋರು ಮಾತ್ರ ನಿಲ್ಲಬಹುದು. ಅಂದರೆ ಎಲೆ ಹಾಕ್ತೀವಿ, ಆದರೆ ಏನು ಬಡಿಸಬೇಕು ಅನ್ನೋದು ನಮ್ಮ ಕೈಲಿ! ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಪೆಪ್ಪರ್ ಸ್ಪ್ರೇಗೂ ಅಶ್ರುವಾಯುವಿಗೂ ಛತ್ರಿ ಅಡ್ಡ ಹಿಡಿದರು. 79 ದಿನ ರಸ್ತೆಯಲ್ಲಿ ಮಲಗಿದರು. ಆ ಯೋಜನೆ 2015ರ ಜೂನಿನಲ್ಲಿ ಶಾಸನಸಭೆಯಲ್ಲಿ ಬಿದ್ದುಹೋಯಿತು. ಅದರ ಬದಲು ಏನು ಬಂತು? ಹಳೇ ಸಮಿತಿಯೇ ಉಳಿಯಿತು. 2017ರಲ್ಲಿ 777 ಮತ ಪಡೆದೋರು 70 ಲಕ್ಷ ಜನರ ಮುಖ್ಯಸ್ಥೆ ಆದರು.

2019ರಲ್ಲಿ ಜಿಲ್ಲಾ ಕೌನ್ಸಿಲುಗಳಿಗೆ ಜನ ನೇರವಾಗಿ ಓಟು ಹಾಕಿ ವಿರೋಧಿಗಳನ್ನ ಗೆಲ್ಲಿಸಿದರು. 2021ರಲ್ಲಿ ಪಟ್ಟಿಯನ್ನೇ ತಿದ್ದಿಬಿಟ್ಟರು. ಜಿಲ್ಲಾ ಕೌನ್ಸಿಲರುಗಳ 117 ಸ್ಥಾನ ಹೋಯಿತು. ವಲಯ ಐದಾಯಿತು. ಸಮಿತಿಗೆ ಓಟು ಹಾಕೋರು ಎರಡೂವರೆ ಲಕ್ಷದಷ್ಟು ಇದ್ದದ್ದು 8,000ದಷ್ಟಕ್ಕೆ ಇಳಿಯಿತು. ಕುರ್ಚಿ ಹೆಚ್ಚಾಯಿತು, ಜನ ಕಮ್ಮಿಯಾದರು. 2022ರ ಮೇ 8ರಂದು ಕಣದಲ್ಲಿ ಇದ್ದದ್ದು ಒಬ್ಬನೇ. 1,416 ಮತ ಪರ, 8 ವಿರುದ್ಧ. ಎಣಿಕೆಯಲ್ಲಿ ಮೋಸ ಮಾಡೋ ಅಗತ್ಯವೇ ಇಲ್ಲ. ಪಟ್ಟಿ ಬರೆದಾಗಲೇ ಎಲ್ಲ ಮುಗಿದಿರುತ್ತೆ.

ಈಗ ಒಬ್ಬ ಗೆಳೆಯ ಎದ್ದು ಕೇಳಬಹುದು: ಅಣ್ಣ, ನಾವೂ ಮೀಸಲು ಸ್ಥಾನ ಕೇಳ್ತೀವಲ್ಲ, ಬಾಬಾಸಾಹೇಬರೂ ಪ್ರತ್ಯೇಕ ಮತಕ್ಷೇತ್ರ ಕೇಳಿದರಲ್ಲ, ಅದೂ ವಲಯವೇ ಅಲ್ಲವಾ? ಸರಿಯಾದ ಪ್ರಶ್ನೆ. ಬರೀ ತಲೆ ಎಣಿಸಿದರೆ ಊರಿನ ಮುಂದೆ ಕೇರಿ ಯಾವಾಗಲೂ ಸೋಲುತ್ತೆ. ಅದು ಅವರಿಗೆ ಗೊತ್ತಿತ್ತು. ಆದರೆ 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ಬರೀ ಮೀಸಲು ಕೇಳಲಿಲ್ಲ, ವಯಸ್ಕರೆಲ್ಲರಿಗೂ ಓಟು ಬೇಕು ಅಂದರು. ಮೊದಲು ಎಲ್ಲರಿಗೂ ಓಟು, ಅದರ ಜೊತೆಗೆ ಹೊರಗೆ ಉಳಿದೋರಿಗೆ ಜಾಗ. 1932ರ ಪೂನಾ ಒಪ್ಪಂದದಲ್ಲೂ ಒಂದು ಏರ್ಪಾಟು ಇತ್ತು. ಪ್ರತಿ ಮೀಸಲು ಸ್ಥಾನಕ್ಕೆ ನಮ್ಮ ಜನವೇ ಮೊದಲು ನಾಲ್ವರನ್ನ ಆರಿಸಬೇಕು. ಆಮೇಲೆ ಎಲ್ಲರೂ ಸೇರಿ ಆ ನಾಲ್ವರಲ್ಲಿ ಒಬ್ಬರನ್ನ ಗೆಲ್ಲಿಸಬೇಕು. ಕೊನೆಯ ಮಾತು ಊರಿನದೇ ಆಯಿತು. ಪ್ರತ್ಯೇಕ ಮತಕ್ಷೇತ್ರ ಕೈತಪ್ಪಿದ ನೋವು ಅದು. ಆದರೂ ಪಟ್ಟಿ ಬರೆಯೋ ಕೈ ಕೇರಿಯದಾಗಿತ್ತು. ಹೊರಗಿದ್ದೋರು ಒಳಗೆ ಬರೋಕೆ ಬಾಗಿಲು ಮಾಡೋದು ಬೇರೆ, ಒಳಗಿದ್ದೋರು ಬಾಗಿಲಿಗೆ ಬೀಗ ಹಾಕೋದು ಬೇರೆ.

ಹಾಂಗ್‌ಕಾಂಗ್ ದೂರ ಅನ್ನಬೇಡಿ. ನಮ್ಮ ವಿಧಾನ ಪರಿಷತ್ತಿನಲ್ಲಿ 75 ಸ್ಥಾನ. ಅದರಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7. ಶಿಕ್ಷಕರು ಅಂದರೆ ಹೈಸ್ಕೂಲು ಮತ್ತು ಅದರ ಮೇಲಿನವರು. ಹಟ್ಟಿಯ ಪ್ರಾಥಮಿಕ ಶಾಲೆಯಲ್ಲಿ ಅ ಆ ತಿದ್ದಿಸಿದ ಮೇಷ್ಟರಿಗೆ ಅಲ್ಲಿ ಓಟಿಲ್ಲ. ನಾವು ಬಿ.ಎ. ಮಾಡಿದ್ದೇವೆ, ಪದ್ಯ ಬರೀತೇವೆ. ಪದವಿ ಬಂದು ಮೂರು ವರ್ಷ ಆದ ಮೇಲೆ ನಮಗೆ ಆ ಕ್ಷೇತ್ರದಲ್ಲಿ ಇನ್ನೊಂದು ಓಟು ಸಿಗುತ್ತೆ. ಕಳೆ ಕಿತ್ತು, ಕಲ್ಲು ಹೊತ್ತು ನಮ್ಮನ್ನ ಓದಿಸಿದ ಅವ್ವನಿಗೆ ಅದಿಲ್ಲ. ಅವಳ ಬೆವರಿನ ಪದವಿಗೆ ಓಟು, ಬೆವರಿಗೆ ಇಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ಐವತ್ತರ ಪಟ್ಟಿಗೆ ವಾಪಸ್ ಬರೋಣ. ಸಾಹಿತಿಗಳಿಗೆ ಹತ್ತು! ಜಿಲ್ಲೆಯಲ್ಲಿ ಬರೆಯೋರು ನಾವು ಎಷ್ಟು ಜನ ಇದ್ದೇವೆ? ಕೈಬೆರಳು ಸಾಕು. ಕೂಲಿಕಾರರು ಸಾವಿರಾರು, ಅವರಿಗೂ ಹತ್ತು. ಪೌರಕಾರ್ಮಿಕರು ಎಲ್ಲಿ? ಜೀತ ಬಿಟ್ಟು ಬಂದೋರು ಎಲ್ಲಿ? ಮಹಿಳೆಯರು ಒಂದು ವಲಯವಂತೆ. ಹಾಗಾದರೆ ಕೂಲಿ ಮಾಡೋರಲ್ಲಿ, ಓದೋರಲ್ಲಿ ಹೆಂಗಸರು ಇಲ್ಲವಾ? ಕೂಲಿಕಾರರ ಹತ್ತು ಜನರನ್ನ ಕೂಲಿಕಾರರು ಆರಿಸ್ತಾರಾ, ನಾವು ಹೆಸರು ಹೇಳ್ತೀವಾ?

ನಮ್ಮನ್ನೂ ಸೇರಿಸಿಯೇ ಹೇಳ್ತಿದ್ದೇವೆ. ಓದಿದೋರಿಗೆ ಪಟ್ಟಿ ಬರೆಯೋ ಚಟ ಬೇಗ ಹತ್ತುತ್ತೆ. ಊರ ಗೌಡ ಬರೆದ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ ಅಂತ ಹೊರಟೋರು ನಾವು. ನಾವು ಬರೆಯೋ ಪಟ್ಟಿಯಲ್ಲಿ ಅವ್ವನ ಹೆಸರು ಬಿಟ್ಟುಹೋದರೆ ಗೌಡನಿಗೂ ನಮಗೂ ವ್ಯತ್ಯಾಸ ಏನು?

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಸದಸ್ಯರಾದ ಎಲ್ಲರಿಗೂ ಒಂದೊಂದು ಓಟು ಇರಲಿ. ಗದ್ದಲ ಆದರೆ ಆಗಲಿ. ಸಮಿತಿ ಬೇಕೇ ಬೇಕು ಅಂದರೆ ವಲಯದ ಪಟ್ಟಿಯನ್ನ ಮೊದಲು ಹಟ್ಟಿಹಟ್ಟಿಗೆ ಒಯ್ದು ಗಟ್ಟಿಯಾಗಿ ಓದಿ ಹೇಳೋಣ. 'ನಾನೆಲ್ಲಿ?' ಅಂತ ಒಬ್ಬಳು ಕೇಳಿದರೂ ಪಟ್ಟಿ ತಿದ್ದೋಣ. ಮುಂದಿನ ಭಾನುವಾರ ಈ ಸಲಹೆ ಮತಕ್ಕೆ ಬರುತ್ತೆ. ಕೈ ಎತ್ತುವ ಮುಂಚೆ ಮನೆಗೆ ಒಂದು ಕಾಗದ ಹಾಕಿ, ಇಲ್ಲಾ ಫೋನು ಮಾಡಿ. ಅವ್ವನ್ನ ಕೇಳಿ.

ಜೈ ಭೀಮ್.