ಜಡ್ಡಿಯಲ್ಲಿ ನಡೆದ ಪಾಠ

ಉತ್ತರಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆಯ ಜಡ್ಡಿಗಳುಂಟು. ಜೌಗುನೆಲದಲ್ಲಿ ಬೇರಿಗೆ ಉಸಿರು ಸಾಲದು; ಆದುದರಿಂದ ಬೇರುಗಳು ಮಂಡಿಯಂತೆ ಬಾಗಿ ಮೇಲೆದ್ದು ಗಾಳಿಯನ್ನರಸುತ್ತವೆ. ಪುಸ್ತಕದಲ್ಲಿ ಇದು ಒಂದೇ ವಾಕ್ಯ. ಕೆಸರಿನಲ್ಲಿ ನಿಂತು, ಎದೆಮಟ್ಟದಲ್ಲಿ ಕಾಂಡಕ್ಕೆ ಟೇಪು ಸುತ್ತಿ, ಸುತ್ತಳತೆ ಬರೆದುಕೊಳ್ಳುವ ಪರಿಸರವಿಜ್ಞಾನದ ವಿದ್ಯಾರ್ಥಿಗೆ ಇಡೀ ಒಂದು ದಿನ. ಈ ಕಾನಿನ ಮರವೊಂದಕ್ಕೆ 2000ದಲ್ಲಿ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ನಮ್ಮ ಕತ್ತಲೆಯೂ ಕಾನೂ ಲ್ಯಾಟಿನ್ನಿನೊಳಗೆ ಹೊಕ್ಕವಲ್ಲ ಎಂದು ಕನ್ನಡ ಮೇಷ್ಟ್ರಾದ ನನಗೆ ಒಳಗೊಳಗೇ ಹಿಗ್ಗು!

ಇಂಥ ಎಷ್ಟೋ ಜಡ್ಡಿಗಳು ಗದ್ದೆಗಳಾದವು, ಅಡಿಕೆತೋಟಗಳಾದವು. ನಾನು ಜೊತೆಗೆ ಹೋಗಿದ್ದ ತಂಡದಲ್ಲಿ ತೋಟದ ಮನೆಯ ಹುಡುಗಿಯೊಬ್ಬಳಿದ್ದಳು. ಅಳತೆಯ ನಡುವೆ ತಲೆಯೆತ್ತಿ, “ಸಾರ್, ನಮ್ಮ ತೋಟವೂ ಮೊದಲು ಹೀಗೆಯೇ ಇತ್ತೇ?” ಎಂದಳು. ಅವಳ ಅಧ್ಯಾಪಕರು ಹೇಳಿದರು: “ನಿಮ್ಮ ಅಜ್ಜನವರನ್ನು ಕೇಳಿ ಬರೆದುಕೊಂಡು ಬಾ. ಆಮೇಲೆ ಮಣ್ಣನ್ನು ನೋಡೋಣ.”