ಅಲಾವಿ ಹಬ್ಬವೂ ಇಸ್ಲಾಮಿನ ಬೋಧೆಯೂ



ಮೊಹರಮ್ ತಿಂಗಳ ಚಂದ್ರದರ್ಶನವಾದ ಕೂಡಲೆ ಸವಣೂರು, ಶಿಗ್ಗಾಂವಿ ಸೀಮೆಯ ಹಳ್ಳಿಗಳಲ್ಲಿ ಮಸೀದಿಯ ಮುಂದೆ ಗುದ್ದಲಿ ಬೀಳುವದು. ಅಲಾವಿಯ ಕುಣಿ ತೋಡುವರು. ಪೆಟ್ಟಿಗೆಯೊಳಗಿನ ಪಂಜಾಗಳನ್ನು ತೆಗೆದು ತೊಳೆದು ವಸ್ತ್ರ ತೊಡಿಸಿ ಕೂಡ್ರಿಸುವರು. ಹರಕೆ ಹೊತ್ತವರು ಫಕೀರರಾಗುವರು. ಮನೆಮನೆಯಲ್ಲಿ ಚೊಂಗೆ ಮಾಡಿ, ಸಕ್ಕರೆ ಓದಿಸುವರು. ಹೆಜ್ಜೆಮೇಳದವರು ಕುಣಿಯ ಸುತ್ತಲೂ ಹಾಡುತ್ತ ಹೆಜ್ಜೆಯಿಡುವರು. ಕಡೆಗೆ ಕೆಂಡ ಹಾಯುವದೂ ಹತ್ತನೆಯ ದಿವಸ ದೇವರು ಹೊಳೆಗೆ ಹೋಗುವದೂ ಆಗುವವು. ಇದರಲ್ಲಿ ಒಕ್ಕಲಿಗನೆನ್ನದೆ ಕುರುಬನೆನ್ನದೆ ಲಿಂಗವಂತನೆನ್ನದೆ ಸರ್ವರೂ ಕೂಡುವರು. ಉತ್ತರ ಕರ್ನಾಟಕದಲ್ಲಿ ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿ ಸಹ ಈ ಹಬ್ಬ ನಡೆಯುವದುಂಟು.

ಇದಕ್ಕೆಲ್ಲ ಇಸ್ಲಾಮಿನ ಬೋಧೆಯಲ್ಲಿ ಆಧಾರವೆಷ್ಟು? ನಿಜವನ್ನು ನುಡಿಯುವದಾದರೆ, ಅತ್ಯಲ್ಪ. ಹಿಜರಿ 61ನೆಯ ವರ್ಷದ ಮೊಹರಮ್ ಹತ್ತರಂದು, ಎಂದರೆ ಕ್ರಿ. ಶ. 680ರಲ್ಲಿ, ಪೈಗಂಬರರ ಮೊಮ್ಮಗನಾದ ಹುಸೇನನು ಯಜೀದನ ಅಧಿಕಾರಕ್ಕೆ ತಲೆವಾಗದೆ ಕರ್ಬಲಾದಲ್ಲಿ ಸ್ವಲ್ಪೇ ಜನ ಸಂಗಡಿಗರೊಡನೆ ಮಡಿದನು. ಶಿಯಾ ಪಂಥದವರಿಗೆ ಅದು ಮಹಾಶೋಕದ ದಿವಸ. ನಮ್ಮ ಸೀಮೆಯ ಮುಸಲ್ಮಾನರಾದರೋ ಬಹುಮಟ್ಟಿಗೆ ಸುನ್ನಿಗಳು. ಅವರ ಶಾಸ್ತ್ರದಲ್ಲಿ ಆ ದಿನಕ್ಕೆ ಹೇಳಿರುವದು ಉಪವಾಸ. ಲೋಹದ ಹಸ್ತಕ್ಕೆ ದೇವರೆಂದು ಹರಕೆ ಹೊರುವದು ಆ ಶಾಸ್ತ್ರಕ್ಕೆ ತೀರ ವಿರುದ್ಧ. ಅನೇಕ ವಿಷಯಗಳಲ್ಲಿ ಪರಸ್ಪರ ವಾದಿಸುವ ದೇವಬಂದದ ಮೌಲವಿಗಳೂ ಬರೇಲಿಯ ಅಹಮದ್ ರಜಾಖಾನರೂ (1856–1921) ತಾಬೂತಿನ ಆಚಾರವನ್ನು ಒಪ್ಪದಿರುವದರಲ್ಲಿ ಮಾತ್ರ ಒಂದಾಗಿದ್ದಾರೆ.

ಹಾಗಿದ್ದರೆ ಇದು ಬಂದದ್ದೆಲ್ಲಿಂದ? ವಿಜಾಪುರದ ಆದಿಲಶಾಹಿಯ ಮೂಲಪುರುಷನಾದ ಯೂಸುಫನು ಹದಿನಾರನೆಯ ಶತಮಾನದ ಆರಂಭದಲ್ಲಿ ಶಿಯಾ ಮತವನ್ನು ರಾಜಮತವೆಂದು ಸಾರಿದನು. ಮುಂದಿನ ಅರಸರು ಕೆಲವರು ಸುನ್ನಿಗಳಾದರು, ಕೆಲವರು ಶಿಯಾಗಳಾದರು. 1686ರಲ್ಲಿ ಔರಂಗಜೇಬನು ವಿಜಾಪುರವನ್ನು ಗೆದ್ದನು. ಅರಸೊತ್ತಿಗೆ ಹೋಯಿತು, ಹಬ್ಬವು ಹಳ್ಳಿಯಲ್ಲಿ ಉಳಿಯಿತು. ಉಳಿದು ಕನ್ನಡವಾಯಿತು. ಪಂಜಾದ ಐದು ಬೆರಳುಗಳು ಪೈಗಂಬರ, ಅಲಿ, ಫಾತಿಮಾ, ಹಸನ, ಹುಸೇನರೆಂಬ ಐವರ ಗುರುತು. ಹಳ್ಳಿಗನಿಗೆ ಅದು ‘ಅಲಾವಿ ದೇವರು’. ‘ಖತಲ್’ ಎಂಬ ಅರಬ್ಬಿ ಶಬ್ದಕ್ಕೆ ವಧೆಯೆಂದರ್ಥ. ಹುಸೇನನ ವಧೆಯ ಆ ಖತಲ್ ರಾತ್ರಿಯು ನಮ್ಮವರ ಬಾಯಲ್ಲಿ ‘ಕತ್ತಲ ರಾತ್ರಿ’ಯಾಗಿದೆ. ತಪ್ಪಾಗಿ ಕೇಳಿದ ಮಾತೇ ಆದರೂ ಇಷ್ಟು ಒಪ್ಪುವ ಮಾತು ಬೇರೆ ಸಿಕ್ಕುವದು ಕಷ್ಟ.

ದೂರದ ಸುಮಾತ್ರಾ ದ್ವೀಪದಲ್ಲಿಯೂ ಇಂಥದೇ ನಡೆದಿದೆ. ಅಲ್ಲಿಯ ಬೆಂಕುಲುವಿನಲ್ಲಿ ಇಂಗ್ಲಿಷ್ ಕಂಪನಿಯ ಕಾಲಕ್ಕೆ ಹಿಂದುಸ್ಥಾನದಿಂದ ಹೋದ ಸಿಪಾಯಿಗಳು ಮೊದಲಾದವರೊಡನೆ ತಾಬೂತಿನ ಹಬ್ಬ ಹೋಯಿತು. ಪರಿಯಾಮನ್ನಿನಲ್ಲಿ ತಾಬೂತನ್ನು ಸಮುದ್ರಕ್ಕೆ ಬಿಡುವರು. ಅಲ್ಲಿಯವರೂ ಸುನ್ನಿಗಳೇ. ಮಲಯ ಜನರಲ್ಲಿ ರೂಢಿಗೆ ‘ಆದತ್’ ಎಂದು ಬೇರೆ ಹೆಸರೇ ಇದೆ. ಶಾಸ್ತ್ರಕ್ಕೂ ಆದತ್ತಿಗೂ ಹೊಂದಿಕೆಯೆಷ್ಟೆಂಬ ಚರ್ಚೆ ಅವರಲ್ಲಿ ಬಹುಕಾಲದ್ದು.

ನಮ್ಮಲ್ಲಿ ಆ ಚರ್ಚೆಗೆ ಉತ್ತರವೆಂಬಂತೆ ಶಿಶುನಾಳದ ಶರೀಫಸಾಹೇಬರು (1819–1889) ಬಾಳಿದರು. ಕಳಸದ ಗೋವಿಂದಭಟ್ಟರ ಶಿಷ್ಯರಾದ ಆ ಸಂತರು ಹೆಜ್ಜೆಮೇಳದವರಿಗಾಗಿ ಅಲಾವಿ ಪದಗಳನ್ನೂ ರಚಿಸಿದರು. ಹರಕೆಯನ್ನು ಬದಿಗಿಟ್ಟು ನೋಡಿದರೆ ಆ ಪದಗಳಲ್ಲಿ ನಿಲ್ಲುವದು ಕರ್ಬಲಾದ ಕಥೆ, ಅದರ ಒಳಗಿನ ತತ್ವ. ಅದಕ್ಕೆ ಯಾವ ಮೌಲವಿಯು ಏನೆಂದಾನು?

ಇಷ್ಟಲಿಂಗವನ್ನು ಕೊರಳಲ್ಲಿ ಧರಿಸಿ ದ್ಯಾಮವ್ವನ ಜಾತ್ರೆಗೆ ಹರಕೆ ಹೊರುವ ಭಕ್ತರು ನೆರೆಯವರ ಅಲಾವಿಯನ್ನು ನಗಲಾರರು. ಶರಣರು ಆಡಿದ ಆಕ್ಷೇಪವೂ ಇದೇ ಅಲ್ಲವೆ? ಈಚೆಗೆ ಕೆಲವು ಊರುಗಳ ಮುಸಲ್ಮಾನ ತರುಣರು ಬೋಧೆಯನ್ನು ಅರಿತು ಪಂಜಾ ಹೊರುವದನ್ನು ಬಿಟ್ಟಿದ್ದಾರೆ. ಅದು ಅವರ ಧರ್ಮದ ಮಾತು; ‘ಊರ ಹಬ್ಬ ಕೆಡಿಸಿದರು’ ಎಂದು ಅವರ ಮೇಲೆ ಹೊರಿಸುವದು ನ್ಯಾಯವಲ್ಲ. ಪಂಜಾ ಪೆಟ್ಟಿಗೆಯಲ್ಲಿಯೇ ಉಳಿದರೆ ಉಳಿಯಲಿ. ಆದರೆ ಪದಗಳು ಬಲ್ಲ ಮುದುಕರೊಡನೆ ಹೋಗುತ್ತಲಿವೆ. ಹೆಜ್ಜೆಮೇಳದ ವಹಿಗಳು ಯಾರ ಮನೆಯ ಅಟ್ಟದ ಮೇಲಾದರೂ ಇದ್ದರೆ, ಗೆದ್ದಲು ಹಿಡಿಯುವ ಮೊದಲೇ ಇಳಿಸಿ ನಕಲು ಮಾಡಿಸತಕ್ಕದ್ದು.