ಕೆಸರು ಗದ್ದೆಯ ಟ್ರ್ಯಾಕ್ಟರು: ಮುಂದಿನ ಆಕ್ಸಲ್ ಪರೀಕ್ಷೆ ಮತ್ತು ದುರಸ್ತಿ



ಮಾನ್ವಿ ತಾಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಡವಾಗಿ ಮುಟ್ಟುತ್ತದೆ. ಮುಟ್ಟಿದಾಗ ಕೆಸರು ಮಾಡಿ ಮುಗಿಸದಿದ್ದರೆ ಮಡಿಯಲ್ಲಿಯೇ ಸಸಿ ಬಲಿತುಬಿಡುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಕಂಡ ದೇವದುರ್ಗದ ಎರೆ ಭೂಮಿಯಲ್ಲಿಯೂ ಇದೇ ಅವಸರ. ಜಿಗುಟು ಕೆಸರಿನಲ್ಲಿ ಹೂತುಕೊಳ್ಳಬಾರದೆಂದೇ ಹಲವರು ನಾಲ್ಕೂ ಗಾಲಿಗಳಿಗೆ ಚಾಲನೆಯಿರುವ ಟ್ರ್ಯಾಕ್ಟರನ್ನು ಸಾಲ ಮಾಡಿ ಕೊಳ್ಳುತ್ತಾರೆ. ಇದರ ಮುಂದಿನ ಆಕ್ಸಲ್ ಬರಿಯ ಭಾರ ಹೊರುವ ಕಬ್ಬಿಣವಲ್ಲ. ಅದರೊಳಗೆ ಕ್ರೌನ್, ಪಿನಿಯನ್, ಬೇರಿಂಗು, ಎಣ್ಣೆ ಎಲ್ಲವೂ ಇರುತ್ತವೆ. ನಾಟಿಯ ನಡುವೆ ಅದು ಕೈಕೊಟ್ಟರೆ ನೀರಿನ ಸರದಿಯೂ ಹೋಯಿತು, ಬಾಡಿಗೆಯೂ ಹೋಯಿತು.

ಕೆಡುವುದು ಬಹುಮಟ್ಟಿಗೆ ಆಯಿಲ್ ಸೀಲಿನಿಂದ ಆರಂಭವಾಗುತ್ತದೆ. ಹುಲ್ಲು, ಹುರಿ, ತಂತಿ ಗಾಲಿಯ ಬುಡಕ್ಕೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ಯುತ್ತವೆ. ಇನ್ನೊಂದು ಕಾರಣ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆಕ್ಸಲ್ಲಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ಅದು ಮಣ್ಣಿನಿಂದ ಮುಚ್ಚಿಹೋಗಿ, ಬಿಸಿಯಾದ ಆಕ್ಸಲ್ ತಣ್ಣನೆಯ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದ ಕೆಸರು ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಮಿಸ್ತ್ರಿ ಬಂದವನೇ ಪಾನಾ ಹಿಡಿದು ಬಿಚ್ಚಲು ಕೂತರೆ ತಡೆಯಿರಿ. ಮೊದಲು ಪರೀಕ್ಷೆಯಾಗಲಿ. ರಾತ್ರಿಯೆಲ್ಲಾ ನಿಂತ ಟ್ರ್ಯಾಕ್ಟರಿನ ಕೆಳಗಿನ ಪ್ಲಗ್ಗನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿದರೆ, ನೀರಿದ್ದಲ್ಲಿ ಅದೇ ಮೊದಲು ಹೊರಬರುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೂ ನೀರು ಸೇರಿದೆ ಎಂದೇ ಅರ್ಥ. ಪ್ಲಗ್ಗಿಗೆ ಕಬ್ಬಿಣದ ಚೂರು ಅಂಟಿದ್ದರೆ ಹಲ್ಲು ಅಥವಾ ಬೇರಿಂಗು ಒಡೆಯುತ್ತಿದೆ. ಬಳಿಕ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದೆತ್ತಿ, ಗಟ್ಟಿ ಆಧಾರದ ಮೇಲೆ ನಿಲ್ಲಿಸಬೇಕು. ಜಾಕೊಂದನ್ನೇ ನಂಬಿ ಕೆಳಗೆ ತೂರಬಾರದು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಕಿಂಗ್ ಪಿನ್ ಅಥವಾ ಗಾಲಿಯ ಬೇರಿಂಗು ಸವೆದಿದೆ. ಅಕ್ಕಪಕ್ಕ ಮಾತ್ರ ಆಡಿದರೆ ಟೈ ರಾಡಿನ ತುದಿಗಳನ್ನು ನೋಡಬೇಕು. ಮುಂದಿನ ಚಾಲನೆಯ ಲಿವರ್ ಹಾಕಿದಾಗ ಮಾತ್ರ ಶಬ್ದ ಬಂದರೆ ಹಲ್ಲುಗಳ ಮೇಲೆ ಸಂಶಯ. ಹಾಕದಿದ್ದರೂ ಬಂದರೆ ಗಾಲಿಯ ಬೇರಿಂಗುಗಳ ಮೇಲೆ.

ಬಿಚ್ಚಲೇಬೇಕಾದರೆ ಮೊದಲು ಹೊರಗಿನ ಮಣ್ಣನ್ನೆಲ್ಲಾ ತೊಳೆಯತಕ್ಕದ್ದು. ಬೇರಿಂಗುಗಳ ಹಿಂದಿರುವ ತೆಳುವಾದ ಶಿಮ್‌ಗಳನ್ನು ಎಣಿಸಿ, ಎಡ ಬಲ ಬೇರೆ ಬೇರೆ ದಾರದಲ್ಲಿ ಕಟ್ಟಿಡಬೇಕು. ಇವು ಬೆರೆತುಹೋದರೆ ಹಲ್ಲುಗಳ ನಡುವಿನ ಸಂದು ತಪ್ಪಿ, ಹೊಸ ಸಾಮಾನು ಹಾಕಿಯೂ ಆಕ್ಸಲ್ ಕೂಗುತ್ತದೆ. ಕ್ರೌನ್ ಮತ್ತು ಪಿನಿಯನ್ ಜೋಡಿ ಸಾಮಾನು, ಹಣ ಉಳಿಸಲು ಒಂದನ್ನೇ ಬದಲಿಸಬಾರದು. ಸೀಲು ಕೂಡುವ ಜಾಗದ ಮೇಲೆ ಉಗುರು ಆಡಿಸಿ ನೋಡಿ. ಅಲ್ಲಿ ಗೆರೆ ಬಿದ್ದು ಉಗುರು ಸಿಕ್ಕಿಕೊಂಡರೆ ಎಷ್ಟು ಹೊಸ ಸೀಲು ಹಾಕಿದರೂ ಸೋರುವುದು ನಿಲ್ಲದು. ಆ ಭಾಗವನ್ನೇ ಸರಿಪಡಿಸಬೇಕು. ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಸುತ್ತಲೂ ಸಮನಾಗಿ ಕೂಡಿಸಬೇಕು. ಸುತ್ತಿಗೆಯಿಂದ ಒಂದೇ ಬದಿಗೆ ಹೊಡೆದು ಕೂಡಿಸಿದ ಸೀಲು ಅದೇ ಹಂಗಾಮಿನಲ್ಲಿ ಸೋರೀತು.

ಭತ್ತ ತುಂಬಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೊರಟಾಗ ಡಾಂಬರು ರಸ್ತೆ ಸೇರುವ ಮೊದಲೇ ಮುಂದಿನ ಚಾಲನೆಯ ಲಿವರ್ ತೆಗೆಯಬೇಕು. ಚಾಲನೆಯಿದ್ದಾಗ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಸಾಮಾನ್ಯವಾಗಿ ಶೇಕಡಾ 1 ರಿಂದ 5ರಷ್ಟು ಮುಂದೋಡುವಂತೆ ಮಾಡಿರುತ್ತಾರೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆಯುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲಾರದೆ ಹಲ್ಲುಗಳೇ ಬಿಗಿಯುತ್ತವೆ, ಟೈರೂ ಸವೆಯುತ್ತದೆ. ಹಿಂದಿನ ಟೈರುಗಳನ್ನು ಬೇರೆ ಅಳತೆಗೆ ಬದಲಿಸಿದವರ ಆಕ್ಸಲ್ ಕೆಡುವುದೂ ಈ ಲೆಕ್ಕ ತಪ್ಪುವುದರಿಂದಲೇ.

ದುರಸ್ತಿಯಾದ ಮೇಲೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆ ತುಂಬಿ, ಬ್ರೀದರನ್ನು ಸ್ವಚ್ಛಮಾಡಿ, ಒಂದು ದಿನ ಕೆಸರಿನಲ್ಲಿ ಓಡಿಸಿ, ಮರುದಿನ ಬೆಳಿಗ್ಗೆ ಮತ್ತೆ ಆ ಪ್ಲಗ್ಗನ್ನು ಸಡಿಲಿಸಿ ನೋಡಿ.